ಹಳೇ ಮರದ ಮನೆಗೆ ಬಿಳಿ ಬಣ್ಣ ಹೊಡೆಸಿದರೆ ಸಾಕಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಧಾರವಾಡದವರು, ಸ್ವೀಡನ್ನಿಗೆ ಬಂದು ಒಂಬತ್ತು ವರ್ಷ ಆಯಿತು. ಹೋದ ವರ್ಷ ವೆಸ್ಟೆರೋಸ್‌ನಿಂದ ಅರ್ಧ ಗಂಟೆ ದೂರದಲ್ಲಿ ಒಂದು ಹಳೇ ಕೆಂಪು ಮರದ ಮನೆ ಕೊಂಡೆವು. 1908ರಲ್ಲಿ ಕಟ್ಟಿದ್ದು, ದಿಮ್ಮಿ ಗೋಡೆ. ಹಾಲಿನಲ್ಲಿ ಟೈಲ್ಸ್ ಹೊದಿಸಿದ ಎತ್ತರದ ಹಳೇ ಒಲೆ ಇದೆ, ಉರಿಸಿ ಎಷ್ಟೋ ವರ್ಷ ಆಗಿದೆಯಂತೆ. ನನಗೆ ಮೊದಲಿಂದಲೂ ಇಲ್ಲಿನ ಸರಳವಾದ ಹಳ್ಳಿ ಮನೆಗಳ ಥರದ ಅಲಂಕಾರ ಅಂದರೆ ತುಂಬಾ ಆಸೆ. ಬಿಳಿಚಿಕೊಂಡ ಹಲಗೆಯ ನೆಲ, ಬಿಳಿ ಗೋಡೆ, ಒಂದು ಮರದ ಬೆಂಚು, ಕಿಟಕಿಯಲ್ಲಿ ಒಂದು ದೀಪ, ಅಷ್ಟೇ ಇರೋ ಮನೆ. ಅಂಥ ಮನೆಗಳ ಚಿತ್ರಗಳನ್ನು ಕೂಡಿಟ್ಟುಕೊಂಡಿದ್ದೇನೆ. ಲ್ಯಾಮಿನೇಟ್ ಕಿತ್ತು ನೋಡಿದಾಗ ಕೆಳಗೆ ಹಳೇ ಪ್ಲಾಸ್ಟಿಕ್ ಹಾಸು, ಅದರ ಕೆಳಗೆ ಅಗಲವಾದ ಪೈನ್ ಹಲಗೆ ಸಿಕ್ಕಿತು. ನಮ್ಮ ಬಡಗಿ ಹೇಳೋದು ಹೀಗೆ: ನೆಲ ಮೆಷಿನ್‌ನಲ್ಲಿ ಉಜ್ಜಿ ಬಿಳಿ ಲ್ಯಾಕರ್ ಹೊಡೆಯೋಣ, ಗೋಡೆಗೆ ಒಳಗಿಂದ ಚಳಿ ತಡೆಯೋ ಹತ್ತಿ ಥರದ ಇನ್ಸುಲೇಶನ್, ಪ್ಲಾಸ್ಟಿಕ್ ಹಾಳೆ, ಜಿಪ್ಸಮ್ ಬೋರ್ಡ್ ಕೂರಿಸಿ ಬಿಳಿ ಬಣ್ಣ ಕೊಡೋಣ, ಒಲೆ ತೆಗೆದರೆ ಜಾಗ ಸಿಗುತ್ತೆ. ನನಗೆ ಯಾಕೋ ಅಳುಕು. ನಮ್ಮದು ದಿನಾ ಒಗ್ಗರಣೆ, ಅರಿಶಿನದ ಅಡಿಗೆ. ಇಬ್ಬರು ಮಕ್ಕಳು. ಅತ್ತೆಯವರು ವರ್ಷಕ್ಕೆ ಆರು ತಿಂಗಳು ಬಂದು ಇರುತ್ತಾರೆ, ದಿನಾ ದೇವರಿಗೆ ದೀಪ ಹಚ್ಚುತ್ತಾರೆ, ಅವರು ತಂದ ಕೌದಿಗಳೇ ನಾಲ್ಕಿವೆ. ಈ ಮನೆ ಆ ಚಿತ್ರಗಳ ಥರ ಆಗೋದು ಸಾಧ್ಯವಾ? ಇಲ್ಲಾ ಅದೆಲ್ಲಾ ನಮ್ಮಂಥವರಿಗೆ ಅಲ್ಲವಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಬಣ್ಣದ ಬಗ್ಗೆ ಕೇಳಿದ್ದೀರಿ, ಆದರೆ ನಿಮ್ಮ ನಿಜವಾದ ಚಿಂತೆ ಕೊನೆಯ ಸಾಲಿನಲ್ಲಿದೆ. ದುಡ್ಡು ಸುರಿದು ಮನೆಯನ್ನು ಚಿತ್ರದ ಥರ ಮಾಡಿಸಿಬಿಟ್ಟು, ಆಮೇಲೆ ಅದರಲ್ಲಿ ನಮ್ಮ ಥರ ಬದುಕೋಕೆ ಆಗದಿದ್ದರೆ? ಹದಿನೈದು ವರ್ಷದಿಂದ ಇಲ್ಲಿ ಹಳೇ ಮರದ ಮನೆಗಳ ಒಳಗೆಲಸ ಮಾಡುತ್ತಾ ಬಂದಿದ್ದೇನೆ, ಸ್ವೀಡಿಷ್ ಜನರೂ ಇದನ್ನೇ ಕೇಳುತ್ತಾರೆ.

ಅವಸರದಲ್ಲಿ ಕೆಲಸ ಶುರು ಮಾಡಿಸಿಬಿಟ್ಟೀರಿ ಅಂತ ಮೊದಲೇ ಹೇಳಿಬಿಡುತ್ತೇನೆ. ಆ ಹಲಗೆಗೆ ಬಿಳಿ ಲ್ಯಾಕರ್ ಬೇಡ. ಗೋಡೆಗೆ ಒಳಗಿಂದ ಪ್ಲಾಸ್ಟಿಕ್ ಹಾಳೆ ಬೇಡವೇ ಬೇಡ. ಒಲೆ ಒಡೆಸಬೇಡಿ. ಮಾಡಿಸಿದ ಮೇಲೆ ವಾಪಸ್ ಬರೋದು ತುಂಬಾ ಕಷ್ಟ ಆಗೋ ಕೆಲಸಗಳು ಈ ಮೂರೇ. ಬಣ್ಣ, ಬೆಂಚು, ಪರದೆ ಎಲ್ಲಾ ತಪ್ಪಿದರೂ ಸರಿ ಮಾಡಿಕೊಳ್ಳಬಹುದು.

ಈಗ ನೀವು ಕೂಡಿಟ್ಟ ಚಿತ್ರಗಳ ವಿಷಯ. ಆ ನೆಲ ಅಷ್ಟು ಬಿಳುಪಾಗಿ ಕಾಣುತ್ತದಲ್ಲ, ಅದಕ್ಕೆ ಯಾರೂ ಬಣ್ಣ ಹೊಡೆದಿಲ್ಲ. ತೊಳೆದೂ ತೊಳೆದೂ ಬಂದ ಬಿಳುಪು ಅದು. ಸ್ವೀಡನ್ನಿನ ಹಳ್ಳಿ ಮನೆಗಳಲ್ಲಿ ಪೈನ್ ಹಲಗೆಗೆ ಮೇಲೆ ಹೆಚ್ಚಾಗಿ ಏನೂ ಬಳಿಯುತ್ತಿರಲಿಲ್ಲ. ಮರಳು ಹಾಕಿ ಉಜ್ಜುತ್ತಿದ್ದರು, ಬೂದಿ ನೀರಿನಂಥ ಕ್ಷಾರದಲ್ಲಿ, ಸೋಪಿನಲ್ಲಿ ತೊಳೆಯುತ್ತಿದ್ದರು. ಹಬ್ಬ ಬಂತು ಅಂದರೆ ಜುನಿಪರ್ ಗಿಡದ ಎಳೆಗಳನ್ನು ಸಣ್ಣಗೆ ಕೊಚ್ಚಿ ನೆಲದ ಮೇಲೆ ಹರಡುತ್ತಿದ್ದರು, ಮನೆಯೆಲ್ಲಾ ಘಮ ಅನ್ನಲಿ ಅಂತ. ನಮ್ಮ ಕಡೆ ಹಳೇ ಮನೆಗಳ ಕಡೆಗೋಲು, ಊಟದ ಮಣೆ ನೋಡಿದ್ದೀರಲ್ಲ, ತಿಕ್ಕಿ ತಿಕ್ಕಿ ಎಳೆ ಎದ್ದು ಬೆಳ್ಳಗಾಗಿರುತ್ತೆ. ಅದನ್ನೇ ಇಡೀ ನೆಲಕ್ಕೆ ಹಿಗ್ಗಿಸಿ ನೋಡಿ. ಆ ಬಿಳುಪನ್ನು ಡಬ್ಬಿಯಿಂದ ತಂದು ಬಳಿದರೆ ಮೊದಲ ವರ್ಷ ಚಿತ್ರದ ಥರವೇ ಕಾಣುತ್ತೆ. ಎರಡನೇ ವರ್ಷದಿಂದ ಗೊತ್ತಾಗುತ್ತೆ.

ಸಾಮಾನು ಕಮ್ಮಿ ಇರೋದಕ್ಕೂ ಹೀಗೇ ಒಂದು ಕಾರಣ ಇದೆ. ಈಗ ಅದನ್ನು ಒಂದು ಸೊಗಸು ಅಂತ ಮಾರುತ್ತಾರೆ, ಆಗ ಅದು ಬಡತನ, ಚಳಿ. ಒಂದೇ ಒಲೆಯ ಸುತ್ತ ಇಡೀ ಕುಟುಂಬ ಬದುಕಬೇಕಿತ್ತು. 19ನೇ ಶತಮಾನದ ನಡುವಿನಿಂದ 1930ರ ಹೊತ್ತಿಗೆ ಈ ದೇಶದಿಂದ 12 ಲಕ್ಷಕ್ಕೂ ಹೆಚ್ಚು ಜನ ಅಮೆರಿಕಕ್ಕೆ ವಲಸೆ ಹೋದರು ಅಂದರೆ ಊಹೆ ಮಾಡಿ. ಹಾಗಾಗಿ ಒಂದೊಂದು ಸಾಮಾನೂ ಎರಡೆರಡು ಕೆಲಸ ಮಾಡಬೇಕಿತ್ತು. ನೀವು ಇಷ್ಟಪಟ್ಟ ಆ ಮರದ ಬೆಂಚು ಬಹುಶಃ ಅಡಿಗೆಮನೆ ಸೋಫಾ. ಹಗಲು ಕೂರೋಕೆ, ರಾತ್ರಿ ಮುಂದಕ್ಕೆ ಎಳೆದರೆ ಪೆಟ್ಟಿಗೆ ಥರ ತೆರೆದುಕೊಂಡು ಮಕ್ಕಳು ಮಲಗೋ ಹಾಸಿಗೆ. ಮೇಜಿನ ರೆಕ್ಕೆ ಮಡಚಿ ಗೋಡೆಗೆ ಒತ್ತರಿಸುತ್ತಿದ್ದರು. ಜಾಗ ಖಾಲಿ ಕಾಣೋದು ಅದಕ್ಕೆ.

ಆಮೇಲೆ ಈ 'ಎಲ್ಲಾ ಬಿಳಿ' ಅನ್ನೋ ನಂಬಿಕೆ. ಒಂದು ಶನಿವಾರ ಬಿಡುವು ಮಾಡಿಕೊಂಡು ಸ್ಟಾಕ್‌ಹೋಮ್‌ನ ಸ್ಕಾನ್ಸೆನ್‌ಗೆ ಹೋಗಿ ಬನ್ನಿ. 1891ರಲ್ಲಿ ಆರ್ಥರ್ ಹಾಸೆಲಿಯಸ್ ಶುರು ಮಾಡಿದ ಬಯಲು ಮ್ಯೂಸಿಯಂ ಅದು. ದೇಶದ ಬೇರೆಬೇರೆ ಕಡೆಯ ನಿಜವಾದ ಹಳೇ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಒಳಗೆ ಹೋಗಿ ನೋಡಿದರೆ ಕಪಾಟಿನ ಮೇಲೆ ಹೂಬಳ್ಳಿ, ನೀಲಿ, ಕೆಂಪು, ಕಡು ಹಸಿರು! ಇನ್ನೂ ಒಂದು ದಿನ ಇದ್ದರೆ ದಾಲಾರ್ನಾದ ಸುಂಡ್‌ಬೋರ್ನ್‌ಗೆ ಹೋಗಿ, ನಿಮ್ಮಲ್ಲಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರಬಹುದು. ಚಿತ್ರಕಾರ ಕಾರ್ಲ್ ಲಾರ್ಸನ್, ಅವರ ಹೆಂಡತಿ ಕಾರಿನ್ ಇಬ್ಬರೂ ಸೇರಿ ಕಟ್ಟಿಕೊಂಡ ಮನೆ ಅಲ್ಲಿದೆ. 1888ರಲ್ಲಿ ಕಾರಿನ್ ಅವರ ತಂದೆ ಕೊಟ್ಟ ಸಣ್ಣ ಮನೆ ಅದು. ಊಟದ ಕೋಣೆ ಕೆಂಪು-ಹಸಿರು, ಕಾರಿನ್ ಕೈಯಾರೆ ನೇಯ್ದ ಬಟ್ಟೆಗಳು. ಸ್ಕ್ಯಾಂಡಿನೇವಿಯನ್ ಮನೆಯ ಸೊಗಸನ್ನು ಜಗತ್ತಿಗೆ ತೋರಿಸಿದ ಮನೆಗಳಲ್ಲಿ ಇದೂ ಒಂದು, ಅದರಲ್ಲಿ ಬಣ್ಣ ತುಂಬಿ ತುಳುಕುತ್ತದೆ. ನಾವು ಈಗ ಅಂದುಕೊಳ್ಳೋ ತಿಳಿ ಮರ, ಕಮ್ಮಿ ಸಾಮಾನಿನ ಶೈಲಿ ಅದಕ್ಕಿಂತ ಈಚಿನದು. 1930ರ ಸ್ಟಾಕ್‌ಹೋಮ್ ಪ್ರದರ್ಶನ, ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಅವರ ಬರ್ಚ್ ಮರದ ಸ್ಟೂಲು, ಡೆನ್ಮಾರ್ಕಿನ ಕುರ್ಚಿಗಳು, ಕೊನೆಗೆ 1954ರಿಂದ 57ರವರೆಗೆ ಅಮೆರಿಕ, ಕೆನಡಾ ಸುತ್ತಿದ ಒಂದು ದೊಡ್ಡ ಪ್ರದರ್ಶನ, ಇಷ್ಟೂ ಸೇರಿ ಅದಕ್ಕೆ ಸ್ಕ್ಯಾಂಡಿನೇವಿಯನ್ ಶೈಲಿ ಅನ್ನೋ ಹೆಸರು ಅಂಟಿತು. ಅಂದರೆ ನಿಮ್ಮ ಕೌದಿಗಳ ಬಣ್ಣಕ್ಕೆ ಈ ಮನೆಯಲ್ಲಿ ಹೆದರಬೇಕಾಗಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನೆಲದ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಈ ಮನೆಯಲ್ಲಿ ನೆಲ ಸರಿಹೋದರೆ ಅರ್ಧ ಮನೆ ಸರಿಹೋದ ಹಾಗೆ.

ಹಲಗೆಯ ಮೇಲಿನ ಆ ಪ್ಲಾಸ್ಟಿಕ್ ಹಾಸನ್ನು ದಯವಿಟ್ಟು ನೀವೇ ಕೀಳೋಕೆ ಹೋಗಬೇಡಿ. ಸ್ವೀಡನ್ನಿನಲ್ಲಿ ಆಸ್ಬೆಸ್ಟಾಸ್ ಪೂರ್ತಿ ನಿಷೇಧ ಆಗಿದ್ದು 1982ರಲ್ಲಿ. ಅದಕ್ಕೂ ಹಿಂದಿನ ಹಾಸುಗಳಲ್ಲಿ, ಅದರ ಅಂಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಂದು ಚೂರು ಲ್ಯಾಬಿಗೆ ಕಳಿಸಿದರೆ ಕೆಲವೇ ದಿನದಲ್ಲಿ ಗೊತ್ತಾಗುತ್ತೆ. ಇದೆ ಅಂತ ಬಂದರೆ ಅನುಮತಿ ಇರುವ ಕಂಪನಿಯವರೇ ತೆಗೆಯಬೇಕು, ಮಕ್ಕಳು ಆ ದಿನಗಳಲ್ಲಿ ಮನೆಯಲ್ಲಿ ಇರಬಾರದು. ಹಾಗೇ ಹಳೇ ಬಾಗಿಲು, ಕಿಟಕಿಯ ಚೌಕಟ್ಟಿನ ಬಿಳಿ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣಗಿದ್ದಾಗ ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡಿ, ಆ ಧೂಳೇ ವಿಷ.

ಇನ್ನು ಹಲಗೆ. ಲ್ಯಾಕರ್ ಅಂದರೆ ಮರದ ಮೇಲೆ ಕೂತ ಒಂದು ಚರ್ಮ. ಮೊದಮೊದಲು ಒರೆಸಿದರೆ ಸಾಕು, ಬಹಳ ಸುಲಭ, ಅದನ್ನು ನಾನು ಇಲ್ಲ ಅನ್ನೋದಿಲ್ಲ. ಆದರೆ ಪೈನ್ ಮೆತ್ತನೆ ಮರ. ಕುರ್ಚಿ ಎಳೆದಾಗ, ಆಟಿಕೆ ಬಿದ್ದಾಗ ತಗ್ಗು ಬೀಳುತ್ತೆ, ಲ್ಯಾಕರ್ ಒಡೆಯುತ್ತೆ, ಒಡೆದ ಕಡೆ ಕೊಳೆ ಇಳಿದು ಕಪ್ಪಾಗುತ್ತೆ. ಆ ಒಂದು ಜಾಗ ಮಾತ್ರ ಸರಿ ಮಾಡೋಕೆ ಬರೋದಿಲ್ಲ, ಇಡೀ ಕೋಣೆ ಮತ್ತೆ ಮೆಷಿನ್ ಹಾಕಿ ಉಜ್ಜಬೇಕು. ಪ್ರತಿ ಸಲ ಉಜ್ಜಿದಾಗಲೂ ಹಲಗೆ ತೆಳುವಾಗುತ್ತೆ. ಇನ್ನೊಂದು ತೊಂದರೆ ಬಡಗಿಗಳು ಹೇಳೋದೇ ಇಲ್ಲ. ಚಳಿಗಾಲದಲ್ಲಿ ಹೀಟರ್ ಹಾಕಿದಾಗ ಮನೆಯೊಳಗಿನ ಗಾಳಿ ವಿಪರೀತ ಒಣಗಿ ಪ್ರತಿ ಹಲಗೆಯೂ ಕುಗ್ಗುತ್ತದೆ. ಬರೀ ಮರವಾದರೆ ಎಲ್ಲಾ ಸಂದುಗಳಲ್ಲೂ ಒಂದೊಂದು ಕೂದಲೆಳೆ ಬಿಡುತ್ತೆ. ಲ್ಯಾಕರ್ ಸಂದಿಗೆ ಇಳಿದು ನಾಲ್ಕೈದು ಹಲಗೆಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟಿದ್ದರೆ ಅಷ್ಟೂ ಒಟ್ಟಿಗೆ ಕುಗ್ಗಿ ಒಂದೇ ಕಡೆ ಬೆರಳು ತೂರುವಷ್ಟು ಬಾಯಿ ಬಿಡುತ್ತೆ.

ನಾನು ಹೇಳೋದು ಸೋಪಾ ನೆಲ. ಸೋಪಾ ಅಂದರೆ ಇಲ್ಲಿನ ಮೆತ್ತನೆ ಸೋಪು, ಯಾವ ಅಂಗಡಿಯಲ್ಲಾದರೂ ಸಿಗುತ್ತೆ. ಹಲಗೆಯನ್ನು ಹಗುರವಾಗಿ ಉಜ್ಜಿಸಿದ ಮೇಲೆ ಒಂದು ಸಲ ಮರಕ್ಕೆ ಅಂತಲೇ ಸಿಗುವ ಕ್ಷಾರ ಬಳಿಯಬೇಕು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ, ಸುಡುತ್ತೆ. ಈ ಕ್ಷಾರ ಹಾಕದೆ ಹೋದರೆ ಪೈನ್ ಬಿಸಿಲಿಗೆ ವರ್ಷದೊಳಗೆ ಹಳದಿಗೆ ತಿರುಗುತ್ತೆ. ಅದು ಒಣಗಿದ ಮೇಲೆ ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಉಗುರುಬೆಚ್ಚಗಿನ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಸೋಪಿನ ನೀರಲ್ಲಿ ಬ್ರಷ್ ಅದ್ದಿ ಮರದ ಎಳೆ ಹೋದ ಕಡೆಗೇ ಉಜ್ಜಿ, ಕೊಳೆ ನೀರನ್ನು ಬಟ್ಟೆಯಲ್ಲಿ ಎತ್ತಿ, ಆ ಬಟ್ಟೆಯನ್ನು ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ. ಕೊನೆಯಲ್ಲಿ ಸೋಪಿನ ತೆಳು ಪದರ ಮರದ ಮೇಲೇ ಒಣಗಲಿ, ನೀರು ಹಾಕಿ ತೊಳೆದುಬಿಡಬೇಡಿ, ಅದೇ ಅದರ ರಕ್ಷಣೆ. ಸೋಪಿನ ಕೊಬ್ಬು ಮರದ ರಂಧ್ರಗಳಿಗೆ ಇಳಿಯುತ್ತೆ. ಹೀಗೆ ಒಂದೊಂದು ದಿನ ಬಿಟ್ಟು ಮೂರ್ನಾಲ್ಕು ಸಲ. ಮೊದಲ ತಿಂಗಳು ನೆಲ ಸ್ವಲ್ಪ ಒರಟು, ಬೇಗ ಕಲೆ ಆಗುತ್ತೆ, 'ಇದೇನು ತಪ್ಪು ಮಾಡಿದೆ' ಅನಿಸುತ್ತೆ. ತಾಳ್ಮೆ ಇರಲಿ. ವರ್ಷ ಕಳೆಯುತ್ತಾ ಅದು ರೇಷ್ಮೆಯ ಥರ ಆಗುತ್ತೆ. ಬರಿಗಾಲಲ್ಲಿ ನಡೆಯೋ ನಮ್ಮಂಥವರ ಮನೆಗೆ ಇದಕ್ಕಿಂತ ಒಳ್ಳೆಯ ನೆಲ ನಾನು ಕಂಡಿಲ್ಲ.

ಇಲ್ಲಿಗೆ ಅರಿಶಿನದ ಪ್ರಶ್ನೆ ಬಂತು. ನನ್ನ ಮನೆಯ ಊಟದ ಕೋಣೆಯಲ್ಲಿ ಸೋಪಾ ನೆಲ ಇದೆ. ಅದು ಆಗಿ ಎರಡನೇ ವಾರಕ್ಕೇ ಬಿಸಿ ಹುಳಿಯ ಪಾತ್ರೆ ಜಾರಿತು. ತಕ್ಷಣ ಬಟ್ಟೆಯಲ್ಲಿ ಎತ್ತಿ, ಸೋಪು ಹಾಕಿ ಉಜ್ಜಿದೆ. ಹಳದಿ ಇದ್ದ ಕಲೆ ಕಣ್ಣೆದುರಿಗೇ ರಕ್ತದ ಥರ ಕೆಂಪಾಯಿತು! ಎದೆ ಧಸಕ್ ಅಂತು. ಆಮೇಲೆ ನೆನಪಾಯಿತು, ಇದು ಆರತಿ ತಟ್ಟೆಯ ನೀರಲ್ವಾ? ಅರಿಶಿನದ ನೀರಿಗೆ ಸುಣ್ಣ ಸೇರಿಸಿದರೆ ಕೆಂಪಾಗುತ್ತದಲ್ಲ, ಅದೇ. ಸೋಪೂ ಸುಣ್ಣದ ಹಾಗೆ ಕ್ಷಾರ. ಬರೀ ನೀರಲ್ಲಿ ಎರಡು ಸಲ ಒರೆಸಿದ ಮೇಲೆ ಕೆಂಪು ಇಳಿದು ಮತ್ತೆ ಹಳದಿ ಆಯಿತು. ಆ ಹಳದಿಯನ್ನು ಉಜ್ಜೋಕೆ ಹೋಗದೆ ಸುಮ್ನೆ ಬಿಟ್ಟೆ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲೋದಿಲ್ಲ, ಬಿಸಿಲಿಗೆ ಒಣಹಾಕಿದ ಬಿಳಿ ಬಟ್ಟೆಯಲ್ಲಿ ನೀವೂ ನೋಡಿರುತ್ತೀರಿ. ಕಿಟಕಿ ಪಕ್ಕದ ಹಲಗೆ, ಮೇ ತಿಂಗಳ ಉದ್ದ ಹಗಲು. ಕೆಲವು ವಾರದಲ್ಲಿ ಹುಡುಕಿದರೂ ಸಿಗದ ಹಾಗಾಯಿತು. ಎಣ್ಣೆಯ ಕಲೆಯೂ ಸೋಪು ಬೀಳುತ್ತಾ ಬೀಳುತ್ತಾ ಮಸುಕಾಗುತ್ತೆ. ಆದರೆ ನವೆಂಬರಿನಲ್ಲಿ ಚೆಲ್ಲಿದರೆ ವಸಂತದವರೆಗೆ ಆ ಕಲೆ ನೋಡಿಕೊಂಡೇ ಇರಬೇಕು. ಇದು ಆಗೋಲ್ಲ ಅನ್ನೋರಿಗೆ ನಾನು ಸೋಪಾ ನೆಲ ಹೇಳೋದಿಲ್ಲ.

ಅಡಿಗೆಮನೆಗೆ ಮಾತ್ರ ಇದು ಬೇಡ. ದಿನಾ ಒಗ್ಗರಣೆ ಹಾಕುವ ಒಲೆ ಮುಂದೆ ಬರೀ ಪೈನ್ ಉಳಿಯೋದಿಲ್ಲ. ಅಲ್ಲಿಗೆ ಎರಡು ದಾರಿ. ಒಂದು, ಹಲಗೆಗೆ ಅಗಸೆ ಎಣ್ಣೆಯ ಬಣ್ಣ, ಬೂದು ಅಥವಾ ಕಂದು ಹಸಿರು. ಧಾರವಾಡದ ಅಗಸಿ ಹಿಂಡಿಯ ಅದೇ ಅಗಸಿ. ಬಣ್ಣ ಬಳಿದ ಅಡಿಗೆಮನೆ ನೆಲ ಇಲ್ಲಿ ಹಳೇ ಪದ್ಧತಿ, ಸವೆದ ಕಡೆ ಮಾತ್ರ ಮತ್ತೆ ಬಳಿಯಬಹುದು. ಒಂದೊಂದು ಕೋಟ್ ಒಣಗೋಕೆ ದಿನಗಳೇ ಬೇಕು, ತೆಳುವಾಗಿ ಹಚ್ಚಬೇಕು. ಇನ್ನೊಂದು, ಲಿನೋಲಿಯಂ. ಅದೂ ಅಗಸೆ ಎಣ್ಣೆ, ಕಾರ್ಕ್ ಪುಡಿ, ಸೆಣಬಿನ ಬಟ್ಟೆಯಿಂದ ಆಗೋದು, 1908ರ ಮನೆಗೆ ಕಾಲದ ಲೆಕ್ಕದಲ್ಲೂ ಒಪ್ಪುತ್ತೆ. ಅದಕ್ಕೆ ಕ್ಷಾರ ಜಾಸ್ತಿ ಇರೋ ಸೋಪು ಆಗೋದಿಲ್ಲ, ಅಷ್ಟು ನೆನಪಿಡಿ. ಒಂದು ಎಚ್ಚರಿಕೆ, ಇದನ್ನು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತೆ. ನೀರಲ್ಲಿ ಮುಳುಗಿಸಿಡಿ, ಇಲ್ಲಾ ಮುಚ್ಚಳ ಇರೋ ತಗಡಿನ ಡಬ್ಬಿಗೆ ಹಾಕಿ. ನಿಮ್ಮದು ಮರದ ಮನೆ.

ಗೋಡೆಗೆ ಬರೋಣ. ಬಡಗಿ ಹೇಳಿದ್ದು ಹೊಸ ಮನೆಗೆ ಸರಿಯಾದ ಕ್ರಮ, ಅವರು ಕಲಿತದ್ದೂ ಅದೇ. ದಿಮ್ಮಿ ಗೋಡೆ ಬೇರೆ ಜಾತಿ. ಅಡಿಗೆ, ಸ್ನಾನ, ಉಸಿರಿನ ತೇವವನ್ನು ಅದು ಸ್ವಲ್ಪ ಹೀರಿಕೊಂಡು ಸ್ವಲ್ಪ ಬಿಡುತ್ತಾ ಇರುತ್ತದೆ, ಒಳಗಿನ ಬೆಚ್ಚನೆ ಅದನ್ನು ಒಣಗಿಸುತ್ತಾ ಇರುತ್ತದೆ. ನಡುವೆ ಇನ್ಸುಲೇಶನ್ ತುಂಬಿದರೆ ದಿಮ್ಮಿಗೆ ಬಿಸಿ ತಲುಪೋದಿಲ್ಲ, ತಣ್ಣಗಾಗುತ್ತೆ. ಎಲ್ಲೋ ಸಂದಿಯಿಂದ ನುಗ್ಗಿದ ಬೆಚ್ಚನೆ ಗಾಳಿ ಆ ತಣ್ಣನೆ ಮರಕ್ಕೆ ತಾಗಿ ನೀರಾಗುತ್ತೆ. ಪ್ಲಾಸ್ಟಿಕ್ ಹಾಳೆ ಇದ್ದರೆ ಆ ನೀರಿಗೆ ಒಳಮುಖವಾಗಿ ಒಣಗೋ ದಾರಿಯೂ ಮುಚ್ಚಿತು. ಉಪ್ಸಾಲಾ ಹತ್ತಿರ ಒಂದು ಮನೆಯಲ್ಲಿ ಹೀಗೆ ಮಾಡಿಸಿ ಎಂಟು ವರ್ಷ ಆಗಿತ್ತು. ಮಗುವಿಗೆ ಕೆಮ್ಮು ಬಿಡ್ತಾ ಇಲ್ಲ, ಏನೋ ವಾಸನೆ ಅಂತ ಕರೆದರು. ಬೋರ್ಡ್ ಬಿಚ್ಚಿದಾಗ ಕೆಳಗಿನ ಎರಡು ದಿಮ್ಮಿಗೆ ಸ್ಕ್ರೂಡ್ರೈವರ್ ಒತ್ತಿದರೆ ನೆನೆದ ಅವಲಕ್ಕಿಯೊಳಗೆ ಹೋದ ಹಾಗೆ ಹೋಯಿತು. ಸರಿಮಾಡಿಸೋ ಖರ್ಚು ಮೊದಲು ಮಾಡಿಸಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬಂತು.

ಚಳಿಗೆ ಏನು ಅಂತೀರಾ? ಬಿಸಿ ತುಂಬಾ ಸೋರೋದು ಅಟ್ಟದಿಂದ, ಕಿಟಕಿ-ಬಾಗಿಲ ಸಂದಿನಿಂದ. ಅಟ್ಟದ ಮೇಲೆ ಇನ್ಸುಲೇಶನ್ ಹೆಚ್ಚಿಸಿ, ಹಳೇ ಕಿಟಕಿಗೆ ಒಳಗಿನ ಎರಡನೇ ಗಾಜಿನ ಕದ ಇದ್ದರೆ ಅದನ್ನು ಬಿಗಿ ಮಾಡಿಸಿ, ದಿಮ್ಮಿಗಳ ನಡುವೆ ಅಗಸೆ ನಾರು ತುರುಕಿಸಿ. ಗೋಡೆಗೆ ಇನ್ಸುಲೇಶನ್ ಬೇಕೇ ಬೇಕು ಅಂದರೆ ಹೊರಗಡೆಯಿಂದ, ಹೊರ ಹಲಗೆ ಬದಲಿಸುವ ಕಾಲ ಬಂದಾಗ, ಹಳೇ ಮನೆ ಬಲ್ಲವರ ಕೈಯಲ್ಲಿ. ಒಳಗೆ ಹಳೇ ಕಾಗದ ಪದರಪದರ ಇದ್ದರೆ ಎಲ್ಲಾ ಕಿತ್ತು ದಿಮ್ಮಿ ತೋರಿಸಬೇಕು ಅಂತೇನಿಲ್ಲ. 1900ರ ಸುಮಾರಿನ ಮನೆಗಳಲ್ಲಿ ಗೋಡೆಗೆ ಕಾಗದ ಅಂಟಿಸಿರೋದೇ ಸಾಮಾನ್ಯ. ಗಟ್ಟಿ ಇದ್ದರೆ ಅದರ ಮೇಲೇ ಬಣ್ಣ ಕೊಡಬಹುದು. ದಿಮ್ಮಿ ಬಿಚ್ಚಿದರೆ ಚೆನ್ನಾಗಿ ಕಾಣುತ್ತೆ ನಿಜ, ಗಾಳಿ ನುಗ್ಗೋದೂ ಶುರುವಾಗುತ್ತೆ.

ಬಣ್ಣ ಯಾವುದು? ಪ್ಲಾಸ್ಟಿಕ್ ಎಮಲ್ಶನ್ ಬೇಡ. ಮೇಲ್ಛಾವಣಿಗೆ, ಹಾಲಿನ ಗೋಡೆಗೆ ಲಿಮ್‌ಫೆರ್ಗ್ ಅಂತ ಸಿಗುತ್ತೆ, ಸೀಮೆಸುಣ್ಣದ ಪುಡಿ, ಅಂಟು, ನೀರು ಅಷ್ಟೇ. ಹೊಳಪೇ ಇಲ್ಲ, ಬೆಳಕು ಬಿದ್ದರೆ ಹತ್ತಿಯ ಥರ ಮೆತ್ತಗೆ ಕಾಣುತ್ತೆ, ನಿಮ್ಮ ಚಿತ್ರಗಳ ಗೋಡೆಯ ಗುಟ್ಟು ಬಹುತೇಕ ಇದೇ. ಒರೆಸೋಕೆ ಬರೋದಿಲ್ಲ, ಒರಗಿದರೆ ಬಟ್ಟೆಗೆ ಹತ್ತುತ್ತೆ, ಮಕ್ಕಳ ಕೈ ತಾಗೋ ಕಡೆ ಬೇಡ. ಅಲ್ಲಿ ಸೊಂಟದ ಎತ್ತರಕ್ಕೆ ಹಲಗೆ ಕೂರಿಸಿ ಅಗಸೆ ಎಣ್ಣೆ ಬಣ್ಣ ಹಚ್ಚಿ, ಒರೆಸಬಹುದು. ನಿಮ್ಮ ಮನೆ ಪೂರ್ತಿ ಸಸ್ಯಾಹಾರಿ ಆಗಿದ್ದರೆ ಇನ್ನೊಂದು ಮಾತು, ಇಲ್ಲಿ ಮೊಟ್ಟೆ ಸೇರಿಸಿದ ಟೆಂಪೆರಾ ಬಣ್ಣವೂ ಬಳಕೆಯಲ್ಲಿದೆ, ಲಿಮ್‌ಫೆರ್ಗ್‌ನ ಅಂಟು ಪ್ರಾಣಿಯದ್ದೂ ಇರುತ್ತೆ, ಗಿಡದ ಸೆಲ್ಯುಲೋಸಿನದ್ದೂ ಇರುತ್ತೆ. ದೇವರ ಮೂಲೆಗೆ ಯಾವುದು ಹಚ್ಚುತ್ತೀರಿ ಅಂತ ಮೊದಲೇ ಕೇಳಿಬಿಡಿ. ಅತ್ತೆಯವರು ಆಮೇಲೆ ಕೇಳಿ ಮನಸ್ಸಿಗೆ ಹಚ್ಚಿಕೊಳ್ಳೋದು ಬೇಡ.

ಅಪ್ಪಟ ಬಿಳಿಯನ್ನಂತೂ ಆರಿಸಬೇಡಿ. ಇಲ್ಲಿನ ಬೆಳಕು ನೀಲಿಗೆ ತಿರುಗಿದ್ದು, ಅದರಲ್ಲಿ ಅಪ್ಪಟ ಬಿಳಿ ಆಸ್ಪತ್ರೆ ಗೋಡೆ ಥರ ಬೂದು ಹೊಡೆಯುತ್ತೆ. ಚೂರು ಹಳದಿ ಮಣ್ಣು, ಚೂರು ಕಂದು ಸೇರಿಸಿದ ಬಿಳಿ ಇರಲಿ. ಒಂದು ಹಲಗೆಗೆ ಬಳಿದು ಉತ್ತರದ ಗೋಡೆಗೆ ಒರಗಿಸಿ, ಬೆಳಿಗ್ಗೆ ಹತ್ತಕ್ಕೆ, ಸಂಜೆ ದೀಪ ಹಚ್ಚಿದ ಮೇಲೆ ಎರಡೂ ಹೊತ್ತು ನೋಡಿ.

ದೀಪ ಅಂದೆ. ಡಿಸೆಂಬರಿನಲ್ಲಿ ನಿಮ್ಮೂರಲ್ಲಿ ಹಗಲು ಆರು ಗಂಟೆಯೂ ಸಿಗೋದು ಕಷ್ಟ. ಮಧ್ಯ ಛಾವಣಿಗೆ ಒಂದು ಜೋರು ಬಿಳಿ ದೀಪ ಹಾಕಿ ಕೋಣೆಯೆಲ್ಲಾ ಬೆಳಗೋ ಅಭ್ಯಾಸ ನಮಗೆ. ಅದರಲ್ಲಿ ಈ ಮನೆ ಸತ್ತ ಹಾಗೆ ಕಾಣುತ್ತೆ. ಅದರ ಬದಲು ಒಂದು ಕೋಣೆಗೆ ಐದಾರು ಸಣ್ಣ ದೀಪ, ಎಲ್ಲವೂ ಕೂತವರ ಕಣ್ಣಿನ ಮಟ್ಟಕ್ಕೆ ಇಲ್ಲಾ ಕೆಳಗೆ, 2700 ಕೆಲ್ವಿನ್‌ನ ಬೆಚ್ಚನೆ ಬಲ್ಬು. ಊಟದ ಮೇಜಿನ ದೀಪ ಮೇಜಿಂದ ಸುಮಾರು 60 ಸೆಂಟಿಮೀಟರ್ ಮೇಲೆ ತೂಗಲಿ. ಕಿಟಕಿಯಲ್ಲಿ ಒಂದು ದೀಪ ಇಡೋದು ಇಲ್ಲಿ ಬರೀ ಅಲಂಕಾರ ಆಗಿ ಉಳಿದಿಲ್ಲ, ಕತ್ತಲಲ್ಲಿ ರಸ್ತೆಯಲ್ಲಿ ಬರೋರಿಗೂ ಅದು ಹಿತ.

ಒಲೆ. ಇದನ್ನು ಇಲ್ಲಿ ಕಾಕೆಲುಂಗ್ನ್ ಅಂತಾರೆ. 1767ರಲ್ಲಿ, ಸೌದೆಯ ಕೊರತೆ ಬಿಗಿಯಾಗಿದ್ದಾಗ, ಕಾರ್ಲ್ ಯೋಹಾನ್ ಕ್ರೋನ್‌ಸ್ಟೆಡ್ ಮತ್ತು ಫಾಬಿಯಾನ್ ವ್ರೇಡೆ ಅದರ ಒಳಗನ್ನು ಹೊಸದಾಗಿ ರೂಪಿಸಿದರು. ಹೊಗೆ ನೇರ ಮೇಲೆ ಹೋಗದೆ, ಮೇಲೆ ಹತ್ತಿ, ಇಳಿದು, ಮತ್ತೆ ಹತ್ತಿ ಇಟ್ಟಿಗೆಯ ಕೊಳವೆಗಳಲ್ಲಿ ಸುತ್ತುತ್ತೆ. ಬಿಸಿಯೆಲ್ಲಾ ಇಟ್ಟಿಗೆಗೆ ಬಿಟ್ಟು ಆಮೇಲೆ ಹೊರಗೆ. ಸಂಜೆ ಒಂದು ಸಲ ಉರಿಸಿದರೆ ಬೆಳಿಗ್ಗೆ ಟೈಲ್ಸ್ ಮೇಲೆ ಕೈ ಇಟ್ಟರೆ ಇನ್ನೂ ಬೆಚ್ಚಗಿರುತ್ತೆ. ಕರೆಂಟು ಹೋದ ಚಳಿಗಾಲದ ರಾತ್ರಿ ಇದರ ಬೆಲೆ ಗೊತ್ತಾಗುತ್ತೆ. ಒಡೆಸಿದರೆ ಮತ್ತೆ ಕಟ್ಟೋರು ಸಿಗೋದು ಅಪರೂಪ, ಸಿಕ್ಕರೂ ದುಬಾರಿ.

ಆದರೆ ಸೋತಾರೆ, ಅಂದರೆ ಚಿಮಣಿ ತಪಾಸಣೆಯವರು, ಬಂದು ನೋಡಿ ಬರವಣಿಗೆಯಲ್ಲಿ ಒಪ್ಪಿಗೆ ಕೊಡೋವರೆಗೆ ಒಂದು ಕಡ್ಡಿಯೂ ಗೀರಬೇಡಿ. ಚಿಮಣಿ ಬಿರುಕು ಬಿಟ್ಟಿದ್ದರೆ ಬೆಂಕಿ, ವಿಷಗಾಳಿ ಎರಡೂ ಅಪಾಯ. ಒಪ್ಪಿಗೆ ಸಿಕ್ಕ ಮೇಲೂ ಮೊದಲ ವಾರ ಸಣ್ಣ ಉರಿ ಮಾತ್ರ, ಒಳಗಿನ ತೇವ ನಿಧಾನ ಆರಲಿ. ಕೆಂಡದ ಮೇಲೆ ನೀಲಿ ಜ್ವಾಲೆ ಇರೋವರೆಗೆ, ಕೆಂಡ ಪೂರ್ತಿ ಆರೋವರೆಗೆ ಮೇಲಿನ ಮುಚ್ಚಳ ಮುಚ್ಚಬೇಡಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಅದರ ಅಲಾರಂ ಒಂದು, ಹೊಗೆ ಅಲಾರಂ ಪ್ರತಿ ಮಹಡಿಗೂ ಒಂದು.

ಇದಕ್ಕೂ ಒಗ್ಗರಣೆಗೂ ಸಂಬಂಧ ಇದೆ, ಅದಕ್ಕೇ ಇಷ್ಟು ಹೇಳಿದ್ದು. ನೀವು ಅಡಿಗೆಮನೆಗೆ ಜೋರಾದ ಚಿಮಣಿ ಫ್ಯಾನ್ ಹಾಕಿಸುತ್ತೀರಿ, ಹಾಕಿಸಲೇಬೇಕು, ಗಾಳಿಯನ್ನು ಹೊರಗೇ ತಳ್ಳುವಂಥದ್ದು. ಇದ್ದಲಿನ ಫಿಲ್ಟರ್‌ನಲ್ಲಿ ಸೋಸಿ ಒಳಗೇ ಬಿಡೋದು ಇಂಗು-ಸಾಸಿವೆಗೆ ಸಾಲೋದಿಲ್ಲ. ಆ ಫ್ಯಾನ್ ಮನೆಯ ಗಾಳಿ ಎಳೆದಾಗ, ಬೇರೆ ದಾರಿ ಇಲ್ಲದಿದ್ದರೆ ಕಾಕೆಲುಂಗ್ನ್ ಚಿಮಣಿಯಿಂದಲೇ ಗಾಳಿ ಕೆಳಗೆ ಎಳೆಯುತ್ತೆ, ಹೊಗೆ ಸಮೇತ. ಕಾಕೆಲುಂಗ್ನ್ ಉರಿಯುವಾಗ ಫ್ಯಾನ್ ಹಾಕಿದರೆ ಅಡಿಗೆಮನೆ ಕಿಟಕಿ ಎರಡು ಬೆರಳು ತೆರೆದಿರಲಿ. ಫ್ಯಾನಿನ ಪೈಪನ್ನು ಯಾವುದೇ ಒಲೆಯ ಚಿಮಣಿಗೆ ಸೇರಿಸೋದು ಬೇಡ. ಚಿತ್ರದಲ್ಲಿ ಚೆಂದ ಕಾಣೋ ತೆರೆದ ಶೆಲ್ಫುಗಳನ್ನೂ ಬಿಡಿ. ಒಗ್ಗರಣೆ ಹಾಕುವ ಮನೆಯಲ್ಲಿ ತಿಂಗಳೊಳಗೆ ಡಬ್ಬಿಗಳ ಮೇಲೆ ಜಿಡ್ಡು ಕೂತು ಅದರ ಮೇಲೆ ಧೂಳು ಕೂರುತ್ತೆ. ದಿನಾ ತೊಳೆಯೋ ತಟ್ಟೆ-ಲೋಟಕ್ಕೆ ಒಂದು ತೆರೆದ ಹಲಗೆ ಸಾಕು, ಉಳಿದದ್ದೆಲ್ಲಾ ಬಾಗಿಲು ಇರೋ ಕಪಾಟಿಗೆ.

ಇಬ್ಬರು ಮಕ್ಕಳಿರೋ ಮನೆಯಲ್ಲಿ ಸಾಮಾನು ಕಮ್ಮಿ ಇಡೋದು ಹೇಗೆ ಅಂದರೆ, ಇಡೋಕೆ ಆಗೋದಿಲ್ಲ, ಮುಚ್ಚಿಡಬಹುದು. ಫೋಟೊ ತೆಗೆಯೋ ದಿನ ನಾನೂ ಸಾಮಾನನ್ನೆಲ್ಲಾ ಪಕ್ಕದ ಕೋಣೆಗೆ ಸಾಗಿಸಿದ್ದೇನೆ, ಎಲ್ಲರೂ ಹಾಗೇ ಮಾಡುತ್ತಾರೆ. ಒಂದು ಗೋಡೆ ಪೂರ್ತಿ ನೆಲದಿಂದ ಛಾವಣಿವರೆಗೆ ಕಪಾಟು ಮಾಡಿಸಿ ಗೋಡೆಯದೇ ಬಣ್ಣ ಹಚ್ಚಿ. ಅದಕ್ಕೆ ದುಡ್ಡು ಹಾಕಿ, ಹೊಸ ಮೇಜು-ಕುರ್ಚಿಗೆ ಹಾಕಬೇಡಿ. ಅಡಿಗೆಮನೆ ಸೋಫಾ, ರೆಕ್ಕೆ ಮೇಜು, ಮೂಲೆ ಕಪಾಟು ಎಲ್ಲಾ ಹಳ್ಳಿ ಹರಾಜಿನಲ್ಲಿ, ಲೊಪ್ಪಿಸ್ ಅನ್ನೋ ಹಳೇ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತೆ. ಹುಳದ ತೂತು ಇದೆಯಾ, ತಾಜಾ ಪುಡಿ ಉದುರುತ್ತಿದೆಯಾ ನೋಡಿ ತನ್ನಿ. ಆ ಮೂಲೆ ಕಪಾಟನ್ನೇ ದೇವರ ಗೂಡು ಮಾಡಿಕೊಳ್ಳಿ, ನನ್ನ ಮನೆಯಲ್ಲೂ ಹಾಗೇ ಇದೆ. ದೀಪ ಉರಿಯುವಾಗ ಬಾಗಿಲು ತೆರೆದಿರಲಿ, ಕೆಳಗೆ ಅಗಲವಾದ ಹಿತ್ತಾಳೆ ತಟ್ಟೆ, ದೀಪದ ಮೇಲಿನ ಹಲಗೆಗೆ ಒಂದು ತಾಮ್ರದ ತಗಡು ಹೊಡೆಸಿ.

ಕೌದಿಗಳು. ಇಲ್ಲಿನ ಹಳ್ಳಿ ಮನೆಗಳಲ್ಲಿ ಹಲಗೆ ನೆಲದ ಮೇಲೆ ಉದ್ದಕ್ಕೆ ಹಾಸಿರುವ ಪಟ್ಟೆ ಪಟ್ಟೆ ಹಾಸು ನೋಡಿದ್ದೀರಲ್ಲ, ತ್ರಾಸ್‌ಮಟ್ಟಾ, ಹರಿದ ಅಂಗಿ-ಚಾದರಗಳನ್ನು ಸೀಳಿ ಮಗ್ಗದಲ್ಲಿ ನೇಯ್ದದ್ದು. ನಿಮ್ಮ ಅತ್ತೆಯವರ ಕಡೆ ಹಳೇ ಸೀರೆ-ಧೋತರ ಪದರಪದರ ಇಟ್ಟು ಹೊಲಿಗೆ ಹಾಕಿದ್ದೂ ಅದೇ ಕಾರಣಕ್ಕೆ, ಬಟ್ಟೆ ಬಿಸಾಡಬಾರದು, ಚಳಿ ತಡೆಯಬೇಕು. ಹಾಗಾಗಿ ಬಿಳುಪು ನೆಲ, ಮಾಸಲು ಗೋಡೆ ಇರೋ ಆ ಕೋಣೆಯಲ್ಲಿ ಸೋಫಾ ಮೇಲೆ ಒಂದು ಕೌದಿ ಹಾಸಿದರೆ ಹೊರಗಿಂದ ತಂದದ್ದು ಅಂತ ಅನ್ನಿಸೋದೇ ಇಲ್ಲ. ನಾಲ್ಕೂ ಒಟ್ಟಿಗೆ ಹಾಸಬೇಡಿ. ಒಂದು ಬಳಕೆಯಲ್ಲಿರಲಿ, ಋತು ಬದಲಾದಾಗ ಬದಲಿಸಿ, ಕಿಟಕಿಯ ನೇರ ಬಿಸಿಲಿಗೆ ಬೀಳದ ಕಡೆ ಇರಲಿ, ಆ ಹಳೇ ಸೀರೆಗಳ ಬಣ್ಣಕ್ಕೆ ಇಲ್ಲಿನ ಬೇಸಿಗೆ ಕೂಡ ಜಾಸ್ತಿಯೇ.

ಕೆಲಸದ ಕ್ರಮ ಹೀಗಿರಲಿ: ಈ ವಾರ ಹಾಸಿನ ಚೂರು ಲ್ಯಾಬಿಗೆ, ಸೋತಾರೆಗೆ ಫೋನು. ಈ ಚಳಿಗಾಲ ಮನೆಯಲ್ಲಿ ಹಾಗೇ ಇದ್ದು ಎಲ್ಲಿ ಗಾಳಿ ನುಗ್ಗುತ್ತೆ, ಅತ್ತೆಯವರು ಎಲ್ಲಿ ಹೋಗಿ ಕೂರುತ್ತಾರೆ ನೋಡಿ. ನೆಲ ಏಪ್ರಿಲ್-ಮೇಗೆ, ಕಿಟಕಿ ತೆರೆದಿಟ್ಟು ಒಣಗಿಸಬಹುದು. ಗೋಡೆ ಅದಾದ ಮೇಲೆ. ಬಡಗಿಯವರನ್ನು ಬಿಡಬೇಕಾಗಿಲ್ಲ, ಕಪಾಟು, ಕಿಟಕಿ ಕೆಲಸಕ್ಕೆ ಅವರೇ ಇರಲಿ. ಸೋತಾರೆಯವರ ವರದಿ ಬಂದ ಮೇಲೆ ನನಗೆ ಕಳಿಸಿ, ಒಲೆ ಉರಿಸಬಹುದು ಅಂತ ಇದ್ದರೆ ಹಾಲಿನಲ್ಲಿ ಕೂರುವ ಜಾಗ ಎಲ್ಲಿ ಬರಬೇಕು ಅಂತ ಅದನ್ನು ನೋಡಿಯೇ ಹೇಳುತ್ತೇನೆ.